ಒಂದು ವಾರಕ್ಕೆಂದು ಹೋಗಬೇಡಿ

ಬೇಸಿಗೆ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೊದ ಟೆಂಡರ್‌ಲಾಯ್ನ್‌ಗೆ ಅಮೆರಿಕದ ಬೇರೆ ಬೇರೆ ಊರುಗಳ ಚರ್ಚುಗಳಿಂದ ಯುವಕ ಯುವತಿಯರ ತಂಡಗಳು ಬರುತ್ತವೆ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಕೈಯಲ್ಲಿ ಸ್ಯಾಂಡ್‌ವಿಚ್ಚಿನ ಪೊಟ್ಟಣ, ಹೊಸ ಕಾಲುಚೀಲದ ಕಟ್ಟು. ವಾರ ಕಳೆಯುತ್ತಲೇ ವಾಪಸು. ಇವರ ನಡುವೆ ಕೆಲವರು ಮಾತ್ರ ಇಂಟರ್ನ್‌ಗಳಾಗಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷವಿಡೀ ಅಲ್ಲೇ ಉಳಿಯುತ್ತಾರೆ. ಊರಿನ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಲ್ಲೂ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಸೇವೆಯ ಗಂಟೆಗಳ ಮಾತು ಏಳುತ್ತದೆ. ಕಾಲೇಜಿನ ಅರ್ಜಿಯಲ್ಲಿ ಅದಕ್ಕೊಂದು ಜಾಗವಿದೆಯಲ್ಲ! ಆ ಮಕ್ಕಳಲ್ಲಿ ಮತ್ತು ಅವರ ಹೆತ್ತವರಲ್ಲಿ ಒಂದು ಮನವಿ. ಟೆಂಡರ್‌ಲಾಯ್ನ್‌ಗೆ ಹೋಗಿ, ಖಂಡಿತ ಹೋಗಿ. ಆದರೆ ಒಂದು ವಾರದ ಪ್ರವಾಸಕ್ಕೆಂದು ಹೋಗುವುದಾದರೆ ಮನೆಯಲ್ಲೇ ಇರಿ.

ಯಾಕೆಂದು ಹೇಳಲು ಆ ಜಾಗದ ಬಗೆಗೇ ನಾಲ್ಕು ಮಾತು ಆಡಬೇಕು. ಒಂದು ಪಕ್ಕಕ್ಕೆ ಸಿಟಿ ಹಾಲ್‌ನ ಹೊಂಬಣ್ಣದ ಗುಮ್ಮಟ, ಇನ್ನೊಂದು ಪಕ್ಕಕ್ಕೆ ಯೂನಿಯನ್ ಸ್ಕ್ವೇರಿನ ದುಬಾರಿ ಅಂಗಡಿಗಳು, ಮೇಲೆ ನಾಬ್ ಹಿಲ್. ಇವುಗಳ ನಡುವೆ ಸಿಕ್ಕಿಕೊಂಡ ಐವತ್ತು ಚಿಲ್ಲರೆ ಬ್ಲಾಕುಗಳೇ ಟೆಂಡರ್‌ಲಾಯ್ನ್. ಹಳೆಯ ವಸತಿ ಹೋಟೆಲುಗಳು ಇಲ್ಲಿ ತುಂಬ: ಎಂಟಡಿ ಹತ್ತಡಿಯ ಒಂದು ಕೋಣೆ, ಒಂದು ಮಂಚ, ಒಂದು ಬೇಸಿನ್ನು, ಕಕ್ಕಸು, ಸ್ನಾನದ ಮನೆ ಮೊಗಸಾಲೆಯ ಕೊನೆಯಲ್ಲಿ, ಎಲ್ಲರಿಗೂ ಸೇರಿ. ಇಂಥ ಹೋಟೆಲುಗಳನ್ನು ಪ್ರವಾಸಿಗರ ಹೋಟೆಲುಗಳಾಗಿ ಮಾರ್ಪಡಿಸದಂತೆ 1980ರ ದಶಕದ ಆರಂಭದಲ್ಲೇ ನಗರ ಕಟ್ಟಳೆ ತಂದಿತು, 1985ರಲ್ಲಿ ಹೊಸ ಕಟ್ಟಡಗಳ ಎತ್ತರಕ್ಕೂ ಮಿತಿ ಬಿತ್ತು. ಇವೆರಡರ ಹಿಂದೆಯೂ ಅಲ್ಲಿನ ಬಾಡಿಗೆದಾರರ ಹೋರಾಟವಿದೆ. ಅಷ್ಟು ದುಬಾರಿ ಊರಿನ ನಟ್ಟನಡುವೆ ಬಡವರು ಇನ್ನೂ ಉಳಿದಿದ್ದಾರೆಂದರೆ ಅದನ್ನು ಸೋಲೆನ್ನಲಾಗದು, ಹೋರಾಡಿ ಗಳಿಸಿಕೊಂಡದ್ದು. 1975ರ ನಂತರ ಬಂದು ನೆಲೆಸಿದ ವಿಯೆಟ್ನಾಮಿ, ಕಾಂಬೋಡಿಯಾದ ಕುಟುಂಬಗಳು ಇಲ್ಲಿವೆ, ಶಾಲೆಗೆ ಹೋಗುವ ಸಾವಿರಾರು ಮಕ್ಕಳಿದ್ದಾರೆ. ಎಷ್ಟೋ ಹೋಟೆಲುಗಳನ್ನು ದಶಕಗಳಿಂದ ನಡೆಸಿಕೊಂಡು ಬಂದವರು ಗುಜರಾತಿನ ಪಟೇಲ್ ಕುಟುಂಬದವರು. ಮೂಲೆಯಲ್ಲಿ ಕುಸಿದು ಕೂತವನ ಫೋಟೊ ಮಾತ್ರ ನೋಡಿದವರಿಗೆ ಇದು ಯಾವುದೂ ಕಾಣುವುದಿಲ್ಲ.

ಈಗ ಊಟದ ವಿಚಾರ. ಫ್ರಾನ್ಸಿಸ್ಕನ್ ಪಾದ್ರಿ ಆಲ್ಫ್ರೆಡ್ ಬೆಡೆಕರ್ 1950ರಲ್ಲಿ ಸೇಂಟ್ ಆಂಟನಿ ಊಟದ ಮನೆ ತೆರೆದರು. ಅದು ಇವತ್ತಿಗೂ ನಡೆಯುತ್ತಿದೆ. ಕೆಲವೇ ಬೀದಿ ಆಚೆ, ಎಲಿಸ್ ಮತ್ತು ಟೇಲರ್ ಬೀದಿಗಳು ಕೂಡುವಲ್ಲಿ, ಗ್ಲೈಡ್ ಚರ್ಚಿನ ಅಡುಗೆಮನೆ. ಇವಲ್ಲದೆ ಸಣ್ಣಪುಟ್ಟ ಮಿಷನ್‌ಗಳು. ಹಸಿದವನಿಗೆ ಒಂದು ಹೊತ್ತಿನ ಊಟ ಹುಡುಕುವುದು ಈ ಕೇರಿಯಲ್ಲಿ ಅಷ್ಟು ಕಷ್ಟವಲ್ಲ. ಬಡಿಸುವ ಕೈಗಳಿಗೂ ಕೊರತೆಯಿಲ್ಲ, ಆದರೆ ಅವು ಬೇಕಾದಾಗ ಬರುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಬಂದರೆ ಸ್ವಯಂಸೇವಕರು ಮುಗಿಬೀಳುತ್ತಾರೆ, ಎಷ್ಟೋ ಜನರಿಗೆ ಜಾಗವಿಲ್ಲವೆಂದು ಹೇಳಿ ಕಳಿಸಬೇಕಾಗುತ್ತದೆ. ಜನವರಿ ಬಂತೋ, ಸಿಂಕಿನ ಮುಂದೆ ನಿಲ್ಲಲು ಜನ ಸಾಲುವುದಿಲ್ಲ. ಹಸಿವು ಮಾತ್ರ ಹಬ್ಬದ ಪಂಚಾಂಗ ನೋಡಿ ಬರುವುದಿಲ್ಲ. ಬಡ ವೃದ್ಧರಿಗೂ ಅಂಗವಿಕಲರಿಗೂ ಸಿಗುವ ಸರ್ಕಾರದ ಭತ್ಯೆ ಸಾಮಾನ್ಯವಾಗಿ ತಿಂಗಳ ಮೊದಲಿಗೆ ಕೈಸೇರುತ್ತದೆ. ಅದು ಕರಗಿದ ಮೇಲೆ, ಮೂರನೆಯ ವಾರದಿಂದಾಚೆಗೆ, ಸಾಲು ಬೆಳೆಯುತ್ತದೆ.

ಇನ್ನು ಸಾವಿನ ಮಾತು. 2023ರಲ್ಲಿ ಸುಮಾರು ಎಂಟು ಲಕ್ಷ ಜನರಿರುವ ಈ ನಗರದಲ್ಲಿ ಮಾದಕವಸ್ತುವಿನ ಮಿತಿಮೀರಿದ ಸೇವನೆಯಿಂದ ಸತ್ತವರು 800ಕ್ಕೂ ಹೆಚ್ಚು. ಹೆಚ್ಚಿನ ಸಾವುಗಳ ಹಿಂದೆ ಫೆಂಟನಿಲ್ ಇದೆ, ಸತ್ತವರಲ್ಲಿ ದೊಡ್ಡ ಪಾಲು ಟೆಂಡರ್‌ಲಾಯ್ನ್ ಮತ್ತು ಅದರ ನೆರೆಯ ಸೌತ್ ಆಫ್ ಮಾರ್ಕೆಟ್ ಪ್ರದೇಶದವರದು. ಫೆಂಟನಿಲ್‌ನಿಂದ ಉಸಿರು ನಿಲ್ಲುತ್ತ ಬಂದವನ ಮೂಗಿಗೆ ನಲೋಕ್ಸೋನ್ ಸಿಂಪಡಿಸಿದರೆ ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು; ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರಲು 2023ರಲ್ಲೇ ಒಪ್ಪಿಗೆ ಸಿಕ್ಕಿದೆ. ಆದರೆ ಸಿಂಪಡಿಸಲು ಪಕ್ಕದಲ್ಲೊಬ್ಬರು ಇರಬೇಕಲ್ಲ? ಇಲ್ಲಿ ಎಷ್ಟೋ ಮಂದಿ ಸಾಯುವುದು ಬೀದಿಯಲ್ಲಿ ಎಲ್ಲರ ಕಣ್ಣೆದುರಿಗಲ್ಲ, ಆ ಎಂಟಡಿ ಹತ್ತಡಿಯ ಕೋಣೆಯಲ್ಲಿ, ಒಳಗಿಂದ ಚಿಲಕ ಹಾಕಿಕೊಂಡು, ಒಬ್ಬರೇ. ಹಾಗಾಗಿಯೇ ಕೆಲವು ಮಿಷನ್‌ಗಳ ಇಂಟರ್ನ್‌ಗಳು ಮಾಡುವ ಒಂದು ಸಪ್ಪೆ ಕೆಲಸ ಅಲ್ಲಿನ ಉಳಿದೆಲ್ಲ ಕೆಲಸಕ್ಕಿಂತ ದೊಡ್ಡದೆಂದು ನನ್ನ ಎಣಿಕೆ. ಒಂದೊಂದು ಹೋಟೆಲನ್ನು ಹಂಚಿಕೊಂಡು, ವಾರವಾರವೂ ಅವವೇ ಬಾಗಿಲುಗಳನ್ನು ತಟ್ಟುವುದು. ಮೊದಲ ವಾರ ಬಾಗಿಲು ತೆರೆಯುವುದಿಲ್ಲ. ನಾಲ್ಕನೆಯ ವಾರ ಸರಪಳಿಯ ಸಂದಿಯಲ್ಲಿ ಒಂದು ಕಣ್ಣು ಕಾಣುತ್ತದೆ. ಇನ್ನೂ ಕೆಲವು ವಾರಕ್ಕೆ ಒಳಗಿದ್ದವರು ತಮ್ಮ ಹೆಸರು ಹೇಳಿ, ಕಾಲಿನ ಗಾಯ ತೋರಿಸಿ, ಕ್ಲಿನಿಕ್ಕಿಗೆ ಜೊತೆ ಬರುತ್ತೀರಾ ಎನ್ನಬಹುದು. ಸದಾ ಉತ್ತರಿಸುತ್ತಿದ್ದವರು ಒಂದು ದಿನ ಉತ್ತರಿಸದಿದ್ದರೆ ಏನೋ ಆಗಿದೆ ಎಂದು ಗೊತ್ತಾಗುವುದು ಆ ಬಾಗಿಲಿನ ರೂಢಿ ಇದ್ದವರಿಗೆ ಮಾತ್ರ. ವಾರದ ತಂಡಕ್ಕೆ ತೆರೆದ ಬಾಗಿಲೂ ಮುಚ್ಚಿದ ಬಾಗಿಲೂ ಒಂದೇ.

ಇದೇನೂ ಹೊಸ ತಿಳಿವಳಿಕೆಯಲ್ಲ. 1884ರಲ್ಲಿ ಲಂಡನ್ನಿನ ವೈಟ್‌ಚಾಪಲ್‌ನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಟಾಯ್ನ್‌ಬಿ ಹಾಲ್ ಕಟ್ಟಿದಾಗ ವಿಶ್ವವಿದ್ಯಾಲಯದ ಹುಡುಗರಿಗೆ ಹಾಕಿದ ಕರಾರೇ ಕೇರಿಯಲ್ಲಿ ವಾಸ ಮಾಡಬೇಕೆಂಬುದು. ಅದನ್ನು ಕಂಡು ಬಂದ ಜೇನ್ ಆಡಮ್ಸ್ 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೊದಲ್ಲಿ ಹಲ್ ಹೌಸ್ ತೆರೆದರು, 1935ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆಯಾಗಿತ್ತು. ಬಾಲಕಾರ್ಮಿಕರ ಪರ, ಬೀದಿಯ ಕಸದ ವಿರುದ್ಧ ಅವರು ಎತ್ತಿದ ದನಿಗೆ ತೂಕ ಬಂದದ್ದು ನೆರೆಯವರಾಗಿ ಬಾಳಿದ್ದರಿಂದ. ಚರ್ಚಿನ ಒಳಗಿನವರೇ ಆದ ರಾಬರ್ಟ್ ಲಪ್ಟನ್, ಅಟ್ಲಾಂಟದ ಬಡ ಕೇರಿಗಳಲ್ಲಿ ದಶಕಗಳ ಕಾಲ ದುಡಿದ ಮೇಲೆ, 2011ರಲ್ಲಿ ‘ಟಾಕ್ಸಿಕ್ ಚಾರಿಟಿ’ ಎಂಬ ಪುಸ್ತಕ ಬರೆದು ಅಲ್ಪಾವಧಿಯ ಮಿಷನ್ ಪ್ರವಾಸಗಳನ್ನು ಕಟುವಾಗಿ ಟೀಕಿಸಿದರು. ಹೊರಗಿನವರ ಆಕ್ಷೇಪವೆಂದು ತಳ್ಳಿಹಾಕುವಂತಿಲ್ಲ.

ನಮ್ಮ ಮನೆಗಳಲ್ಲಿ ಏಳುವ ಮೊದಲ ಅನುಮಾನ ಮತಾಂತರದ್ದು. ಅದನ್ನು ಕುಹಕವೆಂದು ಕರೆಯುವುದಿಲ್ಲ, ಅದಕ್ಕೆ ನೇರ ಉತ್ತರ ಕೊಡಬೇಕು. ಎಲ್ಲ ಮಿಷನ್‌ಗಳೂ ಒಂದೇ ಅಚ್ಚಿನವಲ್ಲ. ಗ್ಲೈಡ್‌ನ ಪಾದ್ರಿಯಾಗಿದ್ದ ಸೆಸಿಲ್ ವಿಲಿಯಮ್ಸ್ 1967ರಲ್ಲಿ ಪ್ರಾರ್ಥನಾ ಮಂದಿರದ ಶಿಲುಬೆಯನ್ನೇ ಇಳಿಸಿಬಿಟ್ಟವರು. ಸೇಂಟ್ ಆಂಟನಿಯ ಅಡುಗೆಮನೆಗೆ ಬರುವ ಸ್ವಯಂಸೇವಕರ ಧರ್ಮವನ್ನು ಯಾರೂ ವಿಚಾರಿಸುವುದಿಲ್ಲ. ಸುವಾರ್ತೆ ಸಾರುವುದೇ ಮುಖ್ಯ ಕೆಲಸವೆಂದು ಬಹಿರಂಗವಾಗಿ ಹೇಳುವ ಸಂಸ್ಥೆಗಳೂ ಇವೆ, ಅಂಥಲ್ಲಿ ಇಂಟರ್ನ್ ಆಗಲು ವಿಶ್ವಾಸದ ಪ್ರತಿಜ್ಞೆಗೆ ಸಹಿ ಹಾಕಬೇಕಾಗುವುದುಂಟು. ನಂಬದೆ ಸಹಿ ಹಾಕುವುದು ಇಬ್ಬರಿಗೂ ಮೋಸ, ಅದರ ಬದಲು ಅಡುಗೆಮನೆಗೆ ಹೋಗಿ. ಕ್ರೈಸ್ತರೇ ಆದ ಕನ್ನಡ ಯುವಜನರು ಅಂಥ ಕಡೆ ಹೋಗುವುದಾದರೆ ಅವರಲ್ಲೂ ಒಂದು ಕೋರಿಕೆ: ತಟ್ಟೆಗೆ ಮುಂಚೆ ಉಪದೇಶ ಕೇಳಲೇಬೇಕೆಂಬ ನಿಯಮವಿದೆಯೇ ಎಂದು ಮೊದಲೇ ವಿಚಾರಿಸಿ, ಇದ್ದರೆ ಬೇರೆ ಕಡೆ ನೋಡಿ. ಫೆಡರಲ್ ಸರ್ಕಾರದ ಹಣದಿಂದ ನಡೆಯುವ ಸೇವೆಗೆ ಪ್ರಾರ್ಥನೆಯನ್ನು ಷರತ್ತಾಗಿ ಹಾಕುವಂತಿಲ್ಲ, ಖಾಸಗಿ ದೇಣಿಗೆಯಿಂದ ನಡೆಯುವ ಸೇವೆಗೆ ಈ ಕಟ್ಟಿಲ್ಲ. ಸಿದ್ಧಗಂಗೆಯಲ್ಲಿ ಪಂಕ್ತಿಗೆ ಕೂತವರ ಜಾತಿ ಮತ ಕೇಳದೆ ಬಡಿಸುವುದನ್ನು ಕಂಡ ನಮಗೆ ಇದನ್ನು ಅಳೆಯುವುದು ಕಷ್ಟವಾಗದು.

ಹೋಗುವ ಬದಲು ಹಣ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕೊಡಿ. ವಾರನ್ ಬಫೆಟ್ ಜೊತೆಗಿನ ಒಂದು ಊಟದ ಹರಾಜು 2022ರಲ್ಲಿ ಗ್ಲೈಡ್‌ಗೆ 1 ಕೋಟಿ 90 ಲಕ್ಷ ಡಾಲರ್ ತಂದಿತು. 2007ರಲ್ಲಿ ಅದೇ ಹರಾಜನ್ನು ಗೆಳೆಯನೊಡನೆ ಗೆದ್ದವರು ಭಾರತದಿಂದ ಹೋಗಿ ನೆಲೆಸಿದ ಮೊಹ್ನಿಶ್ ಪಬ್ರಾಯ್. ಹಣ ಅಕ್ಕಿಬೇಳೆ ತರುತ್ತದೆ, ಬಾಗಿಲು ತಟ್ಟುವ ಕೆಲಸ ಯಾರಾದರೂ ಮಾಡಲೇಬೇಕು. ಇದೆಲ್ಲ ಸರ್ಕಾರದ ಹೊಣೆ ಎಂಬ ಮಾತು ನಿಜ. ಆಗಿನ ಮೇಯರ್ ಲಂಡನ್ ಬ್ರೀಡ್ 2021ರ ಡಿಸೆಂಬರಿನಲ್ಲಿ ಇಲ್ಲಿ ತುರ್ತುಪರಿಸ್ಥಿತಿ ಘೋಷಿಸಿದರು, 2022ರ ಜನವರಿಯಲ್ಲಿ ಸಹಾಯ ಕೇಂದ್ರ ತೆರೆಯಿತು, ಅದೇ ವರ್ಷ ಮುಗಿಯುವ ಮೊದಲೇ ಅದು ಮುಚ್ಚಿತು. ಸರ್ಕಾರವನ್ನು ಕೇಳುತ್ತಲೇ ಇರೋಣ. ವರ್ಷಗಟ್ಟಲೆ ಅಲ್ಲಿ ಓಡಾಡಿದವರ ಕೇಳಿಕೆಗೆ ಬಲವೂ ಹೆಚ್ಚು. ಅಪಾಯವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಒಬ್ಬರೇ ಹೋಗಬೇಡಿ, ಸಂಸ್ಥೆಯ ಗುರುತುಚೀಟಿ ಹಾಕಿಕೊಳ್ಳಿ, ನಲೋಕ್ಸೋನ್ ಬಳಸಲು ಕಲಿತಿರಿ, ಮೊಬೈಲು ಜೇಬಿನಲ್ಲಿರಲಿ. ಯಾರದೇ ಫೋಟೊ ಬೇಡ. ಬೇರೊಬ್ಬರ ಬದುಕಿನ ಅತಿ ಕೆಟ್ಟ ದಿನ ನಿಮ್ಮ ಅರ್ಜಿಯ ಪ್ರಬಂಧಕ್ಕೆ ಸಾಮಗ್ರಿಯಾಗಬಾರದು.

ಹಾಗಾದರೆ ಮಾಡುವುದೇನು? ಕಾಲೇಜಿಗೆ ಮುಂಚೆ ಒಂದು ವರ್ಷ ಬಿಡುವು ತೆಗೆದುಕೊಳ್ಳಬಲ್ಲವರು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿ. ಆಗದವರು ತಿಂಗಳಿಗೆ ಒಂದು ಶನಿವಾರವಾದರೂ ಗೊತ್ತುಮಾಡಿಕೊಳ್ಳಿ, ಆ ಶನಿವಾರ ತಿಂಗಳ ಕೊನೆಯದಾಗಿರಲಿ, ಕನಿಷ್ಠ ಎರಡು ವರ್ಷ ತಪ್ಪಿಸಬೇಡಿ. ಕನ್ನಡ ಕೂಟಗಳು ನವೆಂಬರಿನ ಒಂದು ದಿನದ ಅನ್ನದಾನದ ಬದಲು ಜನವರಿ, ಫೆಬ್ರುವರಿ, ಮಾರ್ಚಿನ ಪಾಳಿಗಳನ್ನು ಸದಸ್ಯರ ನಡುವೆ ಹಂಚಿಕೊಳ್ಳಲಿ. ದಾರಿ ದೂರ ಎನ್ನುವ ನೆಪವೂ ಈಗಿಲ್ಲ. ಫ್ರೀಮಾಂಟಿನಿಂದ ಮೊದಲಿಂದಲೂ ಇದ್ದ ಬಾರ್ಟ್ ರೈಲು 2020ರಿಂದ ಸ್ಯಾನ್ ಹೋಸೆಯ ಬೆರಿಯೆಸ್ಸಾವರೆಗೂ ಬಂದಿದೆ. ಸಿವಿಕ್ ಸೆಂಟರ್ ನಿಲ್ದಾಣದಲ್ಲಿ ಇಳಿದರೆ ಸೇಂಟ್ ಆಂಟನಿಯ ಊಟದ ಮನೆಗೆ ಕೆಲವು ನಿಮಿಷಗಳ ನಡಿಗೆ.