ತಪ್ಪು ವಾದ್ಯದ್ದು, ಅಪವಾದ ರಾಗಕ್ಕೆ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಛಂದಸ್ಸು, ಗಾದೆ, ಹಳೆಯ ಊರು, ಅಗಲಿದ ಗೆಳೆಯರು ಮುಂತಾದ ವಿಷಯಗಳನ್ನು. ಇಂದು ಗಣಕಯಂತ್ರದ ಹಳೆಯ ಆಟಗಳ ಸಂಗೀತವನ್ನು ಕುರಿತು, ಅದೂ ಕೊಂಚ ಕೋಪದಿಂದಲೇ ಬರೆಯಹೊರಟಿದ್ದೇನೆ ಎಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನಗಿರಿ. ಆದರೆ 1990ರ ದಶಕದಲ್ಲಿ ನಮ್ಮ ಶಾಲೆಯ ಗಣಕ ಕೊಠಡಿಯ ಬೀಗದಕೈ ಯಾರ ಜೇಬಿನಲ್ಲಿತ್ತೆಂಬುದನ್ನು ಮರೆಯಬೇಡಿ. ಬೇರಾವ ಅಧ್ಯಾಪಕರೂ ಆ ಹೊಣೆಯನ್ನು ಹೊರಲು ಒಪ್ಪದಿದ್ದುದರಿಂದ ಅದು ಕನ್ನಡ ಪಂಡಿತನ ಪಾಲಿಗೆ ಬಂದಿತ್ತು. ಊಟದ ಬಿಡುವಿನಲ್ಲಿ ಬಾಗಿಲನ್ನು ಅರ್ಧ ಮುಚ್ಚಿಕೊಂಡು ನೀವು ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡುತ್ತಿದ್ದುದು ನನಗೆ ತಿಳಿಯದೆ ಇರಲಿಲ್ಲ. ಕಾರಿಡಾರಿನವರೆಗೂ ಅದರ ಕೀಚುದನಿ ಕೇಳಿಸುತ್ತಿತ್ತು.

ಮೊನ್ನೆ ನಿಮ್ಮಲ್ಲೊಬ್ಬ ಮಗಳೊಂದಿಗೆ ಮನೆಗೆ ಬಂದಿದ್ದ. ಮಗುವಿಗೆ ತನ್ನ ಕಾಲದ ಆಟವೊಂದನ್ನು ತೋರಿಸಬೇಕೆಂಬ ಹಂಬಲದಿಂದ ಲ್ಯಾಪ್‌ಟಾಪಿನಲ್ಲಿ 1988ರ ‘ಕಿಂಗ್ಸ್ ಕ್ವೆಸ್ಟ್ 4’ ತೆರೆದ. ಪೀಠಿಕೆಯ ಸಂಗೀತ ಆರಂಭವಾಯಿತು. ತಂತಿವಾದ್ಯ ಬರಬೇಕಾದ ಕಡೆ ಯಾರೋ ಆಕಳಿಸಿದಂಥ ದನಿ, ಮೃದುವಾಗಿರಬೇಕಾದ ಕಡೆ ತಗಡು ಬಡಿದಂಥ ಸದ್ದು. ಮಗು ಕಿವಿ ಮುಚ್ಚಿಕೊಂಡಿತು. ಅವನು ನಾಚಿಕೊಂಡು, “ಬಿಡಿ ಸಾರ್, ಆ ಕಾಲದ ಸಂಗೀತವೇ ಅಷ್ಟು. ನಾವು ಚಿಕ್ಕವರು, ಏನು ಕೊಟ್ಟರೂ ಕೇಳುತ್ತಿದ್ದೆವು. ಅದನ್ನೆಲ್ಲ ಕಿತ್ತುಹಾಕಿ ಹೊಸದಾಗಿ ವಾದ್ಯವೃಂದದಿಂದ ನುಡಿಸಿ ಸೇರಿಸಬೇಕು” ಎಂದ.

ಈ ಮಾತನ್ನು ನಾನು ಒಪ್ಪಲಾರೆ. ಎದುರಿಗೆ ಮಗು ಇದ್ದುದರಿಂದ ಅಂದು ಸುಮ್ಮನಿದ್ದೆ. ಇಂದು ಸುಮ್ಮನಿರುವುದಿಲ್ಲ.

ಮೊದಲು ಒಂದು ಮೂಲಭೂತ ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಆ ಕಾಲದ ಬಹುಪಾಲು ಆಟಗಳ ಕಡತಗಳಲ್ಲಿ ಇದ್ದುದು ಧ್ವನಿಯಲ್ಲ, ಸ್ವರಲಿಪಿ. ಯಾವ ಸ್ವರ, ಎಷ್ಟು ಹೊತ್ತು, ಎಷ್ಟು ಒತ್ತಿ, ಯಾವ ವಾದ್ಯದಲ್ಲಿ ಎಂಬ ಸೂಚನೆಗಳಷ್ಟೇ ಅಲ್ಲಿರುತ್ತಿದ್ದವು. 1983ರಲ್ಲಿ ರೂಪುಗೊಂಡ ಮಿಡಿ ಎಂಬ ಒಪ್ಪಂದದ ತಿರುಳೇ ಇದು. ಒಂದು ಇಡೀ ಗೀತೆ ಕೆಲವೇ ಕಿಲೋಬೈಟುಗಳಲ್ಲಿ ಅಡಗುತ್ತಿದ್ದುದು ಆ ಕಾರಣದಿಂದಲೇ. ಸ್ವರಲಿಪಿಗೆ ತನ್ನದೇ ಆದ ದನಿಯಿಲ್ಲ. ಅದಕ್ಕೆ ವಾದ್ಯ ಬೇಕು. ಒಂದೇ ಕೀರ್ತನೆಯನ್ನು ವೀಣೆಯಲ್ಲಿಯೂ ನುಡಿಸಬಹುದು, ತಿದಿ ಹರಿದ ಹಾರ್ಮೋನಿಯಮ್ಮಿನಲ್ಲಿಯೂ ನುಡಿಸಬಹುದು. ಎರಡನೆಯದನ್ನು ಕೇಳಿ ವಾಗ್ಗೇಯಕಾರನನ್ನು ಬಯ್ಯುವವನನ್ನು ನಾವು ರಸಿಕನೆಂದು ಕರೆಯುವುದಿಲ್ಲ.

ಹಾಗಾದರೆ ಆ ಸಂಗೀತಗಾರರು ಯಾವ ವಾದ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು? ಇದೇ ಮುಖ್ಯ ಪ್ರಶ್ನೆ, ಮತ್ತು ಇದನ್ನೇ ಯಾರೂ ಕೇಳುವುದಿಲ್ಲ. 1981ರ ಐಬಿಎಂ ಗಣಕದಲ್ಲಿದ್ದುದು ಒಂದು ಪುಟ್ಟ ಸ್ಪೀಕರ್. ಒಂದು ಹೊತ್ತಿಗೆ ಒಂದೇ ಸ್ವರ, ಅದೂ ಚೌಕಾಕಾರದ ಅಲೆಯ ಒರಟು ದನಿ. 1987ರಲ್ಲಿ ಆಡ್‌ಲಿಬ್ ಕಾರ್ಡ್ ಬಂದಿತು. ಅದರೊಳಗಿದ್ದುದು ಯಮಾಹಾದ ವೈ.ಎಂ. 3812 ಎಂಬ ಚಿಪ್ಪು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ವಿಧಾನದಂತೆ, ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಕುಲುಕಿ, ಏಕಕಾಲಕ್ಕೆ ಒಂಬತ್ತು ದನಿಗಳನ್ನು ಅದು ಹೊರಡಿಸುತ್ತಿತ್ತು. ಅದೇ 1987ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಎಂ.ಟಿ.-32 ಎಂಬ ಪೆಟ್ಟಿಗೆಯೂ ಬಂದಿತು. ವಾದ್ಯದ ಸ್ವರ ಹುಟ್ಟುವ ಮೊದಲ ಕ್ಷಣವನ್ನು ಮುದ್ರಿತ ಧ್ವನಿಯಿಂದ ತೆಗೆದುಕೊಂಡು, ಮುಂದಿನ ಭಾಗವನ್ನು ತಾನೇ ಕಟ್ಟಿಕೊಳ್ಳುವ ಜಾಣ ಯಂತ್ರವದು. ಚಲನಚಿತ್ರ, ದೂರದರ್ಶನಗಳಿಗೆ ಸಂಗೀತ ಬರೆದಿದ್ದ ವಿಲಿಯಂ ಗೋಲ್ಡ್‌ಸ್ಟೀನ್ ‘ಕಿಂಗ್ಸ್ ಕ್ವೆಸ್ಟ್ 4’ಕ್ಕಾಗಿ ಸಂಯೋಜಿಸಿದ ಸಂಗೀತ ತನ್ನ ಪೂರ್ಣ ರೂಪದಲ್ಲಿ ಕೇಳಿಸುತ್ತಿದ್ದುದು ಈ ಪೆಟ್ಟಿಗೆಯಲ್ಲಿಯೇ.

1991ರಲ್ಲಿ ಜನರಲ್ ಮಿಡಿ ಎಂಬ ಹೊಸ ಒಪ್ಪಂದ 128 ವಾದ್ಯಗಳಿಗೆ ನಿಶ್ಚಿತ ಕ್ರಮಸಂಖ್ಯೆಗಳನ್ನು ಕೊಟ್ಟಿತು. ಎಂ.ಟಿ.-32ರ ಪಟ್ಟಿಯ ಕ್ರಮವೇ ಬೇರೆ. ಅದರಲ್ಲಿ 53ನೆಯದು ಪಿಟೀಲು. ಜನರಲ್ ಮಿಡಿಯಲ್ಲಿ 53 ಎಂದರೆ ಗಾಯಕವೃಂದದ ‘ಆ’ಕಾರ, ಪಿಟೀಲು 41ನೆಯದು. ಸಾಲದ್ದಕ್ಕೆ ಆ ಕಾಲದ ಆಟಗಳು ಎಂ.ಟಿ.-32ರೊಳಕ್ಕೆ ತಮ್ಮದೇ ಆದ ಹೊಸ ನಾದಗಳನ್ನು ತುಂಬಿಸುತ್ತಿದ್ದವು. ಆ ಸೂಚನೆಗಳು ಬೇರೆ ಯಂತ್ರಕ್ಕೆ ಅರ್ಥವಾಗುವುದೇ ಇಲ್ಲ.

ಈಗ ನಮ್ಮ ಮನೆಯ ಪ್ರಸಂಗ ಅರ್ಥವಾಯಿತಷ್ಟೆ? ಆಟದ ಸಿದ್ಧತೆಯ ಪುಟದಲ್ಲಿ ಅವನು ಎಂ.ಟಿ.-32 ಎಂದು ಆರಿಸಿದ್ದ. ಸ್ವರಲಿಪಿ ಹೋಗಿ ಸೇರಿದ್ದು ಜನರಲ್ ಮಿಡಿಯ ಸಂಶ್ಲೇಷಕಕ್ಕೆ. ಪಿಟೀಲಿನವನಿಗೆ ಬರೆದ ಹಾಳೆಯನ್ನು ಗಾಯಕನ ಕೈಗಿತ್ತು, “ಸಂಗೀತ ಕೆಟ್ಟದ್ದು” ಎಂದು ತೀರ್ಪು ಕೊಟ್ಟಂತಾಯಿತು. ಹಳೆಯ ವಾದ್ಯಗಳನ್ನು ಸಂಗ್ರಹಿಸುವ ಇನ್ನೊಬ್ಬ ವಿದ್ಯಾರ್ಥಿ ತನ್ನಲ್ಲಿರುವ ನಿಜವಾದ ಎಂ.ಟಿ.-32ರಿಂದ ಅದೇ ಪೀಠಿಕೆಯನ್ನು ಮುದ್ರಿಸಿ ನನಗೆ ಕಳುಹಿಸಿದ. ಅದನ್ನು ಮೊದಲನೆಯವನಿಗೆ ರವಾನಿಸಿದೆ. ಮಗು ಎರಡನೆಯ ಸಲ ಹಾಕಿಸಿಕೊಂಡು ಕೇಳಿತೆಂದು ಉತ್ತರ ಬಂದಿತು. ಒಂದು ಸ್ವರವೂ ಬದಲಾಗಿರಲಿಲ್ಲವೆಂಬುದನ್ನು ಗಮನಿಸಿ.

ಅಪವಾದಕ್ಕೆ ಇನ್ನೊಂದು ಕಾರಣವೂ ಉಂಟು. ವಿಂಡೋಸ್ ಗಣಕಗಳಲ್ಲಿ ಮೊದಲಿನಿಂದ ಕುಳಿತಿರುವ ಮಿಡಿ ಸಂಶ್ಲೇಷಕ ಸುಮಾರು 3 ಮೆಗಾಬೈಟಿನ ಒಂದು ನಾದಸಂಚಿಕೆಯನ್ನು ಬಳಸುತ್ತದೆ. ಆ ಸಂಚಿಕೆ ರೋಲ್ಯಾಂಡಿನ ನಾದಗಳಿಂದಲೇ 1990ರ ದಶಕದಲ್ಲಿ ತಯಾರಾದದ್ದು. ಅಂದಿಗೆ ಅದು ಉಪಕಾರವೇ. ಆದರೆ ದಶಕಗಳು ಕಳೆದರೂ ಅದು ಅಲ್ಲಿಯೇ ನಿಂತಿತು. ಬೇರೊಂದು ಸಂಶ್ಲೇಷಕವನ್ನು ಆರಿಸಿಕೊಳ್ಳಲು ನಿಯಂತ್ರಣ ಫಲಕದಲ್ಲಿದ್ದ ಆಯ್ಕೆಯನ್ನು 2007ರ ವಿಸ್ತಾ ಆವೃತ್ತಿಯಲ್ಲಿ ತೆಗೆದುಹಾಕಲಾಯಿತು. ಒಂದು ತಲೆಮಾರಿಗೆ ಮಿಡಿ ಎಂದರೆ ಆ ಬಡಕಲು ದನಿಯೇ ಎಂಬ ಭಾವನೆ ಬೇರೂರಿತು. ಸಾಧನ ಹಳತಾಗುವುದು ಸಹಜ. ಆದರೆ ಆಯ್ಕೆಯನ್ನು ಕಣ್ಮರೆ ಮಾಡುವುದು ಬೇರೆಯೇ ತಪ್ಪು. ಏಕೆಂದರೆ ಆಯ್ಕೆಯಿದೆಯೆಂದು ತಿಳಿಯದವನು ದೋಷವನ್ನು ಸಂಯೋಜಕನ ಮೇಲೆ ಹೊರಿಸುತ್ತಾನೆ.

ಇಲ್ಲಿಯವರೆಗೆ ತಲೆದೂಗಿದವರೊಡನೆಯೂ ಈಗ ಜಗಳವಾಡಬೇಕಾಗಿದೆ. “ಸರಿ, ಹಾಗಾದರೆ ಸುಧಾರಿಸೋಣ” ಎಂದು ಹೊರಟವರು ಮಾಡುತ್ತಿರುವುದೇನು? ಅಂತರಜಾಲದಿಂದ ಒಂದು ಗಿಗಾಬೈಟ್ ಗಾತ್ರದ ಸೌಂಡ್‌ಫಾಂಟ್ ಇಳಿಸಿಕೊಳ್ಳುತ್ತಾರೆ. ಅದರಲ್ಲಿ ಪಿಯಾನೊ ಸಭಾಂಗಣದಲ್ಲಿ ಕೇಳಿದಂತಿರುತ್ತದೆ. ಪಕ್ಕದ ಕಹಳೆ ಅದಕ್ಕಿಂತ ಮೂರು ಪಟ್ಟು ಜೋರಾಗಿರುತ್ತದೆ. ಗಾತ್ರ ಬೇರೆ, ಸಮತೋಲ ಬೇರೆ. 1991ರ ರೋಲ್ಯಾಂಡ್ ಎಸ್.ಸಿ.-55 ಪೆಟ್ಟಿಗೆಯಲ್ಲಿ ವಾದ್ಯವಾದ್ಯಗಳ ನಡುವೆ ಒಂದು ಹದವಿತ್ತು. ಆ ಹದವನ್ನು ಕಿವಿಯಲ್ಲಿಟ್ಟುಕೊಂಡೇ ಅಂದಿನ ಅನೇಕ ಸಂಯೋಜಕರು ಬರೆದರು. 1993ರ ‘ಡೂಮ್’ ಆಟದ ಬಾಬಿ ಪ್ರಿನ್ಸ್ ಅವರಲ್ಲೊಬ್ಬರು. ಹದ ತಪ್ಪಿದರೆ ಅವರ ಗಿಟಾರು ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನ್ನೊಣವಾಗುತ್ತದೆ. ಇದರ ಮೇಲೆ ಪ್ರತಿಧ್ವನಿಯನ್ನು ಬೇರೆ ಧಾರಾಳವಾಗಿ ಸುರಿಯುತ್ತಾರೆ. ಒಗ್ಗರಣೆ ಹೆಚ್ಚಾದರೆ ಸಾರು ಚೆನ್ನಾಯಿತೆಂದು ಅರ್ಥವಲ್ಲ.

ಇನ್ನೂ ದೊಡ್ಡ ಅಪರಾಧವೊಂದಿದೆ. ಅದೇ ಬಾಬಿ ಪ್ರಿನ್ಸ್ 1992ರ ‘ವುಲ್ಫನ್‌ಸ್ಟೈನ್ 3ಡಿ’ ಆಟಕ್ಕೆ ಕೊಟ್ಟ ಸಂಗೀತ ಆಡ್‌ಲಿಬ್ ಚಿಪ್ಪಿಗೆಂದೇ ಸಿದ್ಧಪಡಿಸಿದ್ದು. ಅಲ್ಲಿ ಆ ಲೋಹದಂಥ ದನಿಯೇ ವಾದ್ಯ. ಅದನ್ನು ತೆಗೆದು ವಾದ್ಯವೃಂದವನ್ನು ಕೂರಿಸಿದರೆ ಅದು ಸುಧಾರಣೆಯಲ್ಲ, ರೂಪಾಂತರ. ನಮ್ಮ ಊರುಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಿಲಾಕಂಬಗಳಿಗೆ ಎಣ್ಣೆಬಣ್ಣ ಬಳಿದು, ಶಾಸನದ ಮೇಲೆ ಸುಣ್ಣ ಹೊಡೆದದ್ದನ್ನು ನೀವೆಲ್ಲ ಕಂಡಿದ್ದೀರಿ. ಭಕ್ತಿಯೇನೋ ನಿಜ, ಆದರೆ ಅಕ್ಷರ ಹೋಯಿತು.

ಆದುದರಿಂದ ನನ್ನ ವಾದ ಸರಳವಾದುದು. ಸುಧಾರಣೆಯ ಮೊದಲ ಹೆಜ್ಜೆ ‘ಯಾವುದು ಚೆನ್ನಾಗಿದೆ’ ಎಂದು ಕೇಳುವುದಲ್ಲ, ‘ಇದನ್ನು ಯಾವುದಕ್ಕಾಗಿ ಬರೆದರು’ ಎಂದು ಕೇಳುವುದು. ಆಡ್‌ಲಿಬ್‌ಗೆ ಬರೆದದ್ದಾದರೆ ಆ ಚಿಪ್ಪನ್ನು ನಿಷ್ಠೆಯಿಂದ ಅನುಕರಿಸುವ ನ್ಯೂಕ್ಡ್ ಒಪಿಎಲ್3 ಇದೆ. ಡಾಸ್‌ಬಾಕ್ಸ್ ಸ್ಟೇಜಿಂಗ್ ತಂತ್ರಾಂಶದಲ್ಲಿ ಅದು ಸೇರಿಯೇ ಬರುತ್ತದೆ. ಎಂ.ಟಿ.-32ಕ್ಕಾದರೆ ಮಂಟ್ ಎಂಬ ಅನುಕಾರಕವಿದೆ. ಅದೂ ಡಾಸ್‌ಬಾಕ್ಸ್ ಸ್ಟೇಜಿಂಗ್ ಮತ್ತು ಸ್ಕಮ್‌ವಿಎಂಗಳೊಳಗಿದೆ. ಆದರೆ ಮೂಲ ಪೆಟ್ಟಿಗೆಯ ರಾಮ್ ಕಡತಗಳು ಬೇಕು, ಅವುಗಳ ಹಕ್ಕು ತಯಾರಕರದೆಂಬುದನ್ನು ನೆನಪಿಡಿ. ಜನರಲ್ ಮಿಡಿಗಾದರೆ ಫ್ಲೂಯಿಡ್‌ಸಿಂತ್ ಜೊತೆಗೆ ಹದವರಿತು ಮಾಡಿದ ಒಂದು ಸೌಂಡ್‌ಫಾಂಟ್ ಸಾಕು. ಉಚಿತವಾಗಿ ದೊರೆಯುವ ಜನರಲ್‌ಯೂಸರ್ ಜಿ.ಎಸ್. ಸುಮಾರು 30 ಮೆಗಾಬೈಟಿನದು, ಒಂದು ಗಿಗಾಬೈಟಿನ ದೈತ್ಯರನ್ನು ನಾಚಿಸುತ್ತದೆ. ಎಸ್.ಸಿ.-55ನ್ನೇ ಅನುಕರಿಸುವ ತಂತ್ರಾಂಶವೂ 2024ರಲ್ಲಿ ಬಂದಿದೆ. ಆಟದ ಸಿದ್ಧತೆಯ ಪುಟದಲ್ಲಿ ಆರಿಸಿದ ಯಂತ್ರವೂ ನಿಜವಾಗಿ ನುಡಿಸುವ ಯಂತ್ರವೂ ಒಂದೇ ಆಗಿರಲಿ. ಅರ್ಧ ರೋಗ ಅಷ್ಟರಿಂದಲೇ ವಾಸಿಯಾಗುತ್ತದೆ.

ಎದುರುವಾದಗಳನ್ನು ಬಲ್ಲೆ. “ಹೊಸದಾಗಿ ಧ್ವನಿಮುದ್ರಿಸಿದರೆ ತಪ್ಪೇನು?” ಏನೂ ತಪ್ಪಿಲ್ಲ, ಹಳೆಯದು ಪಕ್ಕದಲ್ಲಿರುವವರೆಗೆ. 2009ರಲ್ಲಿ ‘ಮಂಕಿ ಐಲ್ಯಾಂಡ್’ ಹೊಸರೂಪದಲ್ಲಿ ಬಂದಾಗ ಒಂದು ಕೀಲಿ ಒತ್ತಿದರೆ ಹಳೆಯ ರೂಪಕ್ಕೆ ಮರಳಬಹುದಿತ್ತು. 2024ರ ‘ಡೂಮ್’ ಮರುಪ್ರಕಟಣೆಯಲ್ಲಿ ಮೂಲ ಸಂಗೀತ, ಹೊಸ ಧ್ವನಿಮುದ್ರಣ ಎರಡರಲ್ಲಿ ಬೇಕಾದುದನ್ನು ಆರಿಸಬಹುದು. ಇದು ಸಭ್ಯರ ಮಾರ್ಗ. ಆದರೆ ಧ್ವನಿಮುದ್ರಣದಿಂದ ಎಲ್ಲವೂ ಸಾಧ್ಯವಾಗುತ್ತದೆಂದು ತಿಳಿಯಬೇಡಿ. 1991ರ ‘ಮಂಕಿ ಐಲ್ಯಾಂಡ್ 2’ಕ್ಕಾಗಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮ್ಯಾಕ್‌ಕಾನೆಲ್ ರೂಪಿಸಿದ ಐಮ್ಯೂಸ್ ವ್ಯವಸ್ಥೆಯಲ್ಲಿ ಆಟಗಾರ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಂತೆ ಸಂಗೀತ ತಾಳ ತಪ್ಪದೆ ಬೇರೆ ವಾದ್ಯಕ್ಕೆ, ಬೇರೆ ಧಾಟಿಗೆ ಹೊರಳುತ್ತದೆ. ಪಕ್ಕವಾದ್ಯದವನು ಗಾಯಕನ ಮುಖ ನೋಡಿ ನುಡಿಸಿದಂತೆ. ಸ್ವರಲಿಪಿಯಾಗಿದ್ದುದರಿಂದ ಇದು ಅಷ್ಟು ಹಗುರವಾಗಿ ಸಾಧ್ಯವಾಯಿತು. ಹೆಪ್ಪುಗಟ್ಟಿದ ಧ್ವನಿಮುದ್ರಿಕೆಗೆ ಈ ನಮ್ಯತೆ ಸುಲಭಕ್ಕೆ ಬಾರದು.

“ಎಲ್ಲ ಬರಿಯ ಗತಕಾಲದ ವ್ಯಾಮೋಹ” ಎನ್ನುವವರಿಗೆ ನನ್ನ ಉತ್ತರ ಇನ್ನೂ ಕಟುವಾದುದು. ನಮ್ಮ ಶಾಲೆಯ ಗಣಕಗಳಲ್ಲಿ ಆಡ್‌ಲಿಬ್ ಕೂಡ ಇರಲಿಲ್ಲ. ನೀವು ಕೇಳಿದ್ದು ಆ ಕೀಚುದನಿಯನ್ನು ಮಾತ್ರ. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಸಂಗೀತವನ್ನು ಅದರ ನಿರ್ಮಾಪಕ ಜೋರ್ಡನ್ ಮೆಕ್‌ನರ್ ಅವರ ತಂದೆ ಫ್ರಾನ್ಸಿಸ್ ಮೆಕ್‌ನರ್ ಬರೆದುಕೊಟ್ಟಿದ್ದರೆಂದು ನಿಮಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ, ನನಗೂ ತಿಳಿದಿರಲಿಲ್ಲ. ಹಲವು ನೂರು ಡಾಲರಿನ ಪೆಟ್ಟಿಗೆ ನಮ್ಮ ಊರಿಗೆ ಬರುವಂತಿರಲಿಲ್ಲ. ಹಾಗಿರುವಾಗ ನೀವು ಈಗ ಸರಿಯಾದ ವಾದ್ಯದಲ್ಲಿ ಕೇಳಿದರೆ ಅದು ಸ್ಮರಣೆ ಹೇಗಾದೀತು? ಅದು ಮೊದಲ ಶ್ರವಣ. ನಿಮಗೆ ಸಲ್ಲಬೇಕಾಗಿದ್ದು, ಮೂವತ್ತು ವರ್ಷ ತಡವಾಗಿ ಬಂದದ್ದು.

ಇಷ್ಟೊಂದು ಕೋಪ ನನಗೇಕೆ? ಅದನ್ನೂ ಹೇಳಿಬಿಡುತ್ತೇನೆ. ಪರೀಕ್ಷೆಗೆ ಪಾಠ ಮುಗಿಸುವ ಅವಸರದಲ್ಲಿ ನಾನು ಎಷ್ಟೋ ಪದ್ಯಗಳನ್ನು ನಿಮ್ಮೆದುರು ಒಂದೇ ದನಿಯಲ್ಲಿ, ಯತಿಯಿಲ್ಲದೆ, ಭಾವವಿಲ್ಲದೆ ಓದಿ, ಪದಾರ್ಥ ಬರೆಸಿ ಮುಂದೆ ಹೋದೆ. ವರ್ಷಗಳ ನಂತರ ನಿಮ್ಮಲ್ಲಿ ಕೆಲವರು, “ಹಳೆಗನ್ನಡ ಕಾವ್ಯ ನೀರಸ ಸಾರ್” ಎಂದಿರಿ. ನೀರಸವಾಗಿದ್ದುದು ಕಾವ್ಯವಲ್ಲ. ನಾನು ಎಂಬ ಒಂದು ಸ್ವರದ ಸ್ಪೀಕರು. ಅಪವಾದವನ್ನು ಕವಿಗಳು ಹೊತ್ತರು. ಅವರು ಎದ್ದುಬಂದು ವಾದಿಸುವಂತಿರಲಿಲ್ಲ.

ಆದುದರಿಂದ ಮಕ್ಕಳಿಗೆ ಹಳೆಯದೇನನ್ನಾದರೂ, ಪದ್ಯವನ್ನೋ ಆಟವನ್ನೋ, ತೋರಿಸುವ ಮೊದಲು ಒಂದು ಗಳಿಗೆ ವಾದ್ಯವನ್ನು ಶ್ರುತಿ ಮಾಡಿಕೊಳ್ಳಿ. ಆಮೇಲೂ ಅವರಿಗೆ ಹಿಡಿಸದಿದ್ದರೆ ಬೇಡ. ಆ ತೀರ್ಪು ನ್ಯಾಯವಾದುದು. ವಿಚಾರಣೆಯೇ ಇಲ್ಲದೆ ಶಿಕ್ಷೆ ಮಾತ್ರ ಬೇಡ.

ಭಿನ್ನಾಭಿಪ್ರಾಯವಿದ್ದವರು ಎಂದಿನಂತೆ ಬರೆಯಿರಿ. ಕಾಗುಣಿತ ತಿದ್ದಿ ಉತ್ತರಿಸುತ್ತೇನೆ.