ಇನ್ಸುಲಿನ್ನಿನ ನೆರೆಹೊರೆ

ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಗ್ಲೂಕಗಾನ್ ಏರಿಸುತ್ತದೆ. ಆದುದರಿಂದ ಅವೆರಡೂ ವೈರಿಗಳೆಂದು ನಾವು ವಿದ್ಯಾರ್ಥಿಗಳಿಗೆ ಬೋಧಿಸುತ್ತ ಬಂದಿದ್ದೇವೆ. ಇದು ಅರ್ಧಸತ್ಯ. ಮೇದೋಜೀರಕ ಗ್ರಂಥಿಯಲ್ಲಿ 1869ರಲ್ಲಿ ಲ್ಯಾಂಗರ್‌ಹಾನ್ಸ್ ವರ್ಣಿಸಿದ ಕೋಶದ್ವೀಪಗಳೊಳಗೆ ಆಲ್ಫಾ, ಬೀಟಾ, ಡೆಲ್ಟಾ ಕೋಶಗಳು ಒಂದೇ ವಠಾರದವರಂತೆ ಒತ್ತಾಗಿ ವಾಸಿಸುತ್ತವೆ. ಊಟದ ತರುವಾಯ ಗ್ಲೂಕೋಸು ಏರಿದಾಗ, ಆಲ್ಫಾ ಕೋಶದ ಗ್ಲೂಕಗಾನೇ ಪಕ್ಕದ ಬೀಟಾ ಕೋಶವನ್ನು ಪ್ರಚೋದಿಸಿ ಇನ್ಸುಲಿನ್ ಸ್ರಾವವನ್ನು ಹೆಚ್ಚಿಸುತ್ತದೆ! ವೈರಿ ಮಾಡುವ ಕೆಲಸವೇ ಇದು? ಡೆಲ್ಟಾ ಕೋಶದ ಸೊಮ್ಯಾಟೋಸ್ಟ್ಯಾಟಿನ್ ಎರಡಕ್ಕೂ ಕಡಿವಾಣ.

ಬೀಟಾ ಕೋಶಗಳು ನಾಶವಾದ ಮಧುಮೇಹದಲ್ಲಿ ಈ ಸಂಭಾಷಣೆಯೇ ಕೆಡುತ್ತದೆ. ಸಕ್ಕರೆ ಅಪಾಯಕರವಾಗಿ ಕುಸಿದಾಗಲೂ ಆಲ್ಫಾ ಕೋಶ ಎಚ್ಚರಗೊಳ್ಳದಿರಬಹುದು. ಸೂಜಿಮದ್ದು ಪ್ರಾಣ ಉಳಿಸುತ್ತದೆ, ನಿಜ. ಆದರೆ ಚುಚ್ಚಿದ ಇನ್ಸುಲಿನ್ನಿಗೆ ನೆರೆಯವರ ಮಾತು ಕೇಳಿಸದು. ಬದಲಿ ಬೀಟಾ ಕೋಶಗಳನ್ನು ಬೆಳೆಸಹೊರಟ ಸಂಶೋಧಕರು ಆಲ್ಫಾ, ಡೆಲ್ಟಾಗಳನ್ನೂ ಜೊತೆಗೂಡಿಸಬೇಕೆಂದು ನಾವು ಬಯಸುತ್ತೇವೆ.