ಬನ್ನಿ ಬನ್ನಿ ಅಂತೀರಲ್ಲ, ಬಾಗಿಲು ಎಲ್ಲಿದೆ ಸ್ವಾಮಿ?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ಟ್ರಾಫಿಕ್ಕು, ಸೋಮಾರಿತನ... ಯಾವುದಾದರೂ ಒಂದು ನೆಪ. ಆದರೆ ಇವತ್ತು ಬರೆಯದೆ ಮಲಗಿದರೆ ನಿದ್ದೆ ಬರಲ್ಲ.

ಕಾರಣ ಒಂದು ಫೋಟೋ. ನಮ್ಮ ಚಿಕ್ಕಪ್ಪನ ಮಗಳು (ಹೆಸರು ಬೇಡ, ಮನೆಯಲ್ಲಿ ಪುಟ್ಟಿ ಅಂತೀವಿ. ಕಂಪ್ಯೂಟರ್ ಸೈನ್ಸ್, ಏಳನೇ ಸೆಮಿಸ್ಟರ್) ಸಂಜೆ ವಾಟ್ಸಾಪಿನಲ್ಲಿ ತನ್ನ ಕಾಲೇಜಿನ ಗೇಟಿಗೆ ಕಟ್ಟಿರೋ ಫ್ಲೆಕ್ಸಿನ ಚಿತ್ರ ಕಳಿಸಿದಳು. ಒಬ್ಬ ಹುಡುಗಿ, ಕಿವಿಗೆ ಹೆಡ್‌ಫೋನ್, ಪಕ್ಕದಲ್ಲಿ ದೊಡ್ಡ ಬೀಗ. "ವಿದ್ಯಾರ್ಥಿನಿಯರೇ, ಸೈಬರ್ ಸೆಕ್ಯುರಿಟಿ ಕ್ಷೇತ್ರಕ್ಕೆ ಬನ್ನಿ!" ಅಂತ ಗುಲಾಬಿ ಅಕ್ಷರ. ಅದರ ಕೆಳಗೆ ಅವಳ ಮೆಸೇಜು: "ಅಕ್ಕಾ, ನಂಗೆ ಪ್ರಾರ್ಥನೆ ಹೇಳಿ ಅತಿಥಿಗಳಿಗೆ ಹೂಗುಚ್ಛ ಕೊಡೋ ಡ್ಯೂಟಿ ಹಾಕಿದಾರೆ."

ಇದರಲ್ಲಿ ಕೋಪ ಬರೋ ಅಂಥದ್ದು ಏನಿದೆ ಅಂತೀರಾ? ಮೂರು ತಿಂಗಳ ಹಿಂದಿನ ಕಥೆ ಕೇಳಿ.

ಇದೇ ಕಾಲೇಜಿನ ಫೀಸ್ ಪೋರ್ಟಲ್ಲು. ರಸೀದಿ ಡೌನ್‌ಲೋಡ್ ಮಾಡುವಾಗ ಬ್ರೌಸರಿನ ಅಡ್ರೆಸ್ಸಿನ ಕೊನೆಯಲ್ಲಿ ರಸೀದಿ ನಂಬರ್ ಕಾಣುತ್ತೆ. ಪುಟ್ಟಿ ಸುಮ್ಮನೆ ಕೊನೆಯ ಅಂಕಿ ಬದಲಾಯಿಸಿ ಎಂಟರ್ ಒತ್ತಿದಳು. ಬೇರೆ ಯಾರದ್ದೋ ರಸೀದಿ ಬಂತು. ಹೆಸರು, ಅಪ್ಪನ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಎಲ್ಲ. ಲಾಡ್ಜಿನಲ್ಲಿ ನಿಮಗೆ ಕೊಟ್ಟ ರೂಮಿನ ಬೀಗದಕೈ ಎಲ್ಲ ರೂಮುಗಳಿಗೂ ಆಗೋ ಹಾಗೆ. ಇದೇನೂ ಅಪರೂಪದ ದೋಷ ಅಲ್ಲ. ಓವಾಸ್ಪ್ ಅನ್ನೋ ಸಂಸ್ಥೆ ವೆಬ್‌ಸೈಟುಗಳ ಹತ್ತು ದೊಡ್ಡ ಅಪಾಯಗಳ ಪಟ್ಟಿ ಮಾಡುತ್ತೆ. ಅದರ 2021ರ ಪಟ್ಟಿಯಲ್ಲಿ ಮೊದಲ ಸ್ಥಾನ ಈ ಜಾತಿಯದಕ್ಕೇ. ಯಾರು ಏನನ್ನು ನೋಡಬಹುದು ಅನ್ನೋದನ್ನ ಸರ್ವರ್ ಪರೀಕ್ಷೆ ಮಾಡದೇ ಇರೋದು, ಅಷ್ಟೆ.

ಪುಟ್ಟಿ ಮಾಡಿದ್ದೇನು? ಒಂದು ಪುಟದ ಪತ್ರ ಬರೆದು, ಎರಡು ಸ್ಕ್ರೀನ್‌ಶಾಟ್ ಅಂಟಿಸಿ, ಹುಡುಗಿಯರ ಫೋನ್ ನಂಬರೆಲ್ಲ ಹೊರಗೆ ಸಿಗ್ತಿದೆ ಸರ್ ಅಂತ ವಿಭಾಗದ ಮುಖ್ಯಸ್ಥರಿಗೆ ಕೊಟ್ಟಳು. ಅವರೇನು ಮಾಡಿದರು? ಚಿಕ್ಕಪ್ಪನಿಗೆ ಫೋನು. "ನಿಮ್ಮ ಮಗಳು ಕಾಲೇಜಿನ ಸರ್ವರ್ ಹ್ಯಾಕ್ ಮಾಡಿದ್ದಾಳೆ, ನಾಳೆ ಬೆಳಿಗ್ಗೆ ಬನ್ನಿ."

ಚಿಕ್ಕಪ್ಪ ತಿಪಟೂರಿನ ಕಡೆಯ ತೆಂಗಿನ ತೋಟದ ಮನುಷ್ಯ. ಮಾರನೇ ದಿನ ಕೊಬ್ಬರಿ ಹರಾಜಿತ್ತು. ಅದನ್ನ ಬಿಟ್ಟು, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕ್ಕೊಂಡು ಬಸ್ಸು ಹತ್ತಿದರು. ಮಗಳು ಏನೋ ಕಳ್ಳತನ ಮಾಡಿದಾಳೆ ಅಂತಲೇ ಅವರಿಗೆ ಅರ್ಥ ಆಗಿದ್ದು. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ಅರವತ್ತಾರನೇ ಸೆಕ್ಷನ್ನು, ಮೂರು ವರ್ಷ ಜೈಲು, ಐದು ಲಕ್ಷ ದಂಡ ಅಂತೆಲ್ಲ ಹೇಳಿ, ಪುಟ್ಟಿ ಕೈಲಿ ಕ್ಷಮಾಪಣೆ ಪತ್ರ ಬರೆಸಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಒಂದೂ ಮಾತಾಡಲಿಲ್ಲವಂತೆ. ಎರಡು ವಾರದ ಮೇಲೆ ಪೋರ್ಟಲ್ ಸದ್ದಿಲ್ಲದೆ ಸರಿಯಾಯ್ತು. ಒಂದು ಥ್ಯಾಂಕ್ಸ್? ಉಹ್ಞೂಂ.

ಈಗ ಅದೇ ಗೇಟಿಗೆ ಈ ಫ್ಲೆಕ್ಸು!

ಮೊದಲು ಆ ಸೆಕ್ಷನ್ ವಿಷಯ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ್ದು, 2008ರಲ್ಲಿ ತಿದ್ದುಪಡಿ ಆಯ್ತು. ಅದರ 66ನೇ ಸೆಕ್ಷನ್ ಬರೀ ಒಳಗೆ ಇಣುಕಿದ್ದಕ್ಕೆ ಜೈಲು ಅನ್ನಲ್ಲ. ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಅನ್ನುತ್ತೆ. ತಾನೇ ಪತ್ರ ಬರೆದು ಸಹಿ ಹಾಕಿ ಕೊಟ್ಟವಳ ಮೋಸದ ಉದ್ದೇಶ ಎಲ್ಲಿಂದ ಬಂತು? ಹಾಗಂತ ಅವಳು ಪೂರ್ತಿ ಸುರಕ್ಷಿತ ಅಂತಲೂ ಹೇಳಲಾರೆ. 43ನೇ ಸೆಕ್ಷನ್ನಿನಲ್ಲಿ ಮಾಲೀಕರ ಅನುಮತಿ ಇಲ್ಲದೆ ಪ್ರವೇಶಿಸಿದರೆ ಪರಿಹಾರ ಕೊಡಬೇಕು ಅಂತಿದೆ. ಒಳ್ಳೇ ಮನಸ್ಸಿನಿಂದ ತೋರಿಸಿಕೊಟ್ಟವರನ್ನ ಬಿಡಿ ಅನ್ನೋ ಮಾತು ಅಲ್ಲಿಲ್ಲ. ಪುಟ್ಟಿಯದ್ದೂ ಒಂದು ತಪ್ಪಿದೆ, ಅವಳಿಗೂ ಹೇಳಿದೆ. ದೋಷ ಇದೆ ಅಂತ ಖಾತ್ರಿಯಾಗೋಕೆ ಒಂದು ರಸೀದಿ ಸಾಕಿತ್ತು, ಇವಳು ಐದಾರು ತೆಗೆದು ನೋಡಿದಾಳೆ. ಕಾಲೇಜಿಗೆ ಕೊಡೋ ಬದಲು ಕೇಂದ್ರ ಸರ್ಕಾರದ ಸರ್ಟ್-ಇನ್‌ಗೆ ಬರೆಯಬಹುದಿತ್ತು. 2004ರಿಂದ ಇರೋ ಸಂಸ್ಥೆ, ಇಂಥ ದೋಷಗಳ ವರದಿ ತಗೊಳ್ಳೋದು ಅವರ ಕೆಲಸವೇ. ಆದರೆ ಇದನ್ನೆಲ್ಲ ಅವಳಿಗೆ ಹೇಳಿಕೊಡಬೇಕಾಗಿದ್ದವರು ಯಾರು? ಅವಳಿಂದ ಕ್ಷಮಾಪಣೆ ಬರೆಸಿಕೊಂಡವರೇ ಅಲ್ವಾ?

ಇನ್ನೊಂದು ಕಡೆ ಏನು ನಡೀತು ನೋಡಿ. 2016ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ನಮ್ಮ ವೆಬ್‌ಸೈಟುಗಳನ್ನ ಒಡೆಯಿರಿ ನೋಡೋಣ ಅಂತ ತಾನೇ ಕರೆ ಕೊಟ್ಟಿತು. 'ಹ್ಯಾಕ್ ದ ಪೆಂಟಗನ್' ಅಂತ ಹೆಸರು. ಅದಕ್ಕೆ ಬುನಾದಿ ಹಾಕಿದವರಲ್ಲಿ ಕೇಟಿ ಮುಸೂರಿಸ್ ಅನ್ನೋ ಹೆಂಗಸು ಮುಖ್ಯಳು. ಅದಕ್ಕೂ ಮೂರು ವರ್ಷ ಮೊದಲು, 2013ರಲ್ಲಿ, ದೋಷ ತೋರಿಸಿದವರಿಗೆ ಬಹುಮಾನ ಕೊಡೋ ಪದ್ಧತಿಯನ್ನ ಮೈಕ್ರೋಸಾಫ್ಟಿನಲ್ಲಿ ತಂದವಳೂ ಅವಳೇ. ಪೆಂಟಗನ್‌ನಲ್ಲಿ 138 ನಿಜವಾದ ದೋಷಗಳು ಸಿಕ್ಕವು. ಹುಡುಕಿದವರಲ್ಲಿ ಹೈಸ್ಕೂಲ್ ಮುಗಿಸುತ್ತಿದ್ದ ಹದಿನೆಂಟರ ಹುಡುಗನೂ ಒಬ್ಬ. ಅವನನ್ನ ಪೆಂಟಗನ್ನಿಗೆ ಕರೆಸಿ ರಕ್ಷಣಾ ಕಾರ್ಯದರ್ಶಿಯೇ ಧನ್ಯವಾದ ಹೇಳಿದರು. ಅಷ್ಟು ದೊಡ್ಡ ಸೈನ್ಯ ಸಾಕಿಕೊಂಡವರು ಶಾಲಾ ಹುಡುಗನ ಕೈ ಕುಲುಕಿದರು. ನಮ್ಮ ಫೀಸ್ ಕೌಂಟರಿನವರು ಅಪ್ಪನ್ನ ಕರೆಸಿದರು.

ಸರಿ, ಆ ಸೆಮಿನಾರಿನಲ್ಲಿ ಹುಡುಗಿಯರಿಗೆ ಏನು ಹೇಳ್ತಾರೆ ಗೊತ್ತಾ? ನಾನೂ ಇಂಜಿನಿಯರಿಂಗ್ ಓದುವಾಗ ಇಂಥವು ಮೂರು ಕೇಳಿದೀನಿ. ಪ್ರೊಫೈಲಿಗೆ ಫೋಟೋ ಹಾಕಬೇಡಿ. ಗೊತ್ತಿಲ್ಲದವರ ರಿಕ್ವೆಸ್ಟ್ ತಗೋಬೇಡಿ. ರಾತ್ರಿ ಆನ್‌ಲೈನ್ ಇರಬೇಡಿ. ಹುಡುಗರಿಗೆ ಮಾತ್ರ ಕಣ್ಣು ಮಿಟುಕಿಸಿ, "ನಿಮ್ಮಲ್ಲಿ ಯಾರ್ರೀ ಹ್ಯಾಕರ್ಸು?" ಅಂತ ಒಂದು ಜೋಕು, ಚಪ್ಪಾಳೆ. ಒಂದೂವರೆ ಗಂಟೆಯಲ್ಲಿ ಹುಡುಗಿ ಅಂದ್ರೆ ಮೋಸ ಹೋಗೋಳು, ಹುಡುಗ ಅಂದ್ರೆ ಬೀಗ ಮುರಿಯೋನು ಅಂತ ಪಾಠ ಮುಗೀತು. ಬೀಗ ಮಾಡೋಳು, ಬೀಗ ಪರೀಕ್ಷೆ ಮಾಡೋಳು ಆ ಹಾಲಿನಲ್ಲಿ ಇಲ್ಲವೇ ಇಲ್ಲ.

ಮೋಸ ಹೋಗೋಕೆ ಹುಡುಗಿಯೇ ಆಗಬೇಕಾ? 2024ರಲ್ಲಿ ಭಾರತದವರು ಸೈಬರ್ ವಂಚಕರಿಗೆ ಕಳಕೊಂಡದ್ದು 22,845 ಕೋಟಿ ರೂಪಾಯಿ ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಹಿಂದಿನ ವರ್ಷದ ಮೂರು ಪಟ್ಟು. ಆ ವರ್ಷ ಅಕ್ಟೋಬರಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿ 'ಡಿಜಿಟಲ್ ಅರೆಸ್ಟ್' ಬಗ್ಗೆ ಎಚ್ಚರಿಸುತ್ತಾ ಒಂದು ಕಾಲ್ ಕೇಳಿಸಿದರಲ್ಲ, ಆ ತುದಿಯಲ್ಲಿದ್ದವರು ನಮ್ಮ ವಿಜಯಪುರದ ಗಂಡಸೇ. ನಿವೃತ್ತ ಅಧಿಕಾರಿಗಳು, ಡಾಕ್ಟರು, (ಹೇಳೋಕೆ ನಾಚಿಕೆ) ಸಾಫ್ಟ್‌ವೇರ್ ಇಂಜಿನಿಯರುಗಳು ಎಲ್ಲ ಸಾಲಾಗಿ ಬಿದ್ದಿದಾರೆ.

ಇದು ಹೆಂಗಸರ ಕ್ಷೇತ್ರ ಅಲ್ಲ, ನಾವು ದೊಡ್ಡ ಮನಸ್ಸು ಮಾಡಿ ಒಳಗೆ ಬಿಟ್ಕೊಳ್ತಾ ಇದೀವಿ ಅನ್ನೋ ಧಾಟಿ ಇದೆಯಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ಉರಿಸುತ್ತೆ. ಇವತ್ತು ಕಂಪನಿಗಳಲ್ಲಿ ಯಾರಾದರೂ ನುಗ್ಗಿದರೆ ಗಂಟೆ ಹೊಡೆಯೋ ವ್ಯವಸ್ಥೆಗಳು ಇವೆಯಲ್ಲ, ಅದರ ಮೂಲ ಮಾದರಿಯನ್ನ 1987ರ ಪ್ರಬಂಧದಲ್ಲಿ ಕೊಟ್ಟವಳು ಡೊರೊತಿ ಡೆನ್ನಿಂಗ್. ಬಳಕೆದಾರನ ದಿನನಿತ್ಯದ ನಡವಳಿಕೆ ಬರೆದಿಟ್ಟುಕೋ, ಅದಕ್ಕೆ ಹೊರತಾದ್ದು ಕಂಡರೆ ಎಚ್ಚರಿಸು ಅನ್ನೋದು ಅವಳ ವಿಚಾರ. ಇನ್ನೂ ಹಿಂದೆ ಹೋದರೆ ಎರಡನೇ ಮಹಾಯುದ್ಧದ ಬ್ಲೆಚ್ಲಿ ಪಾರ್ಕ್. ಜರ್ಮನರ ಗುಪ್ತಲಿಪಿ ಒಡೆದ ಆ ಜಾಗದಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಗಸರು. ಅವರಲ್ಲಿ ಗಣಿತ ಓದಿದ್ದ ಜೋನ್ ಕ್ಲಾರ್ಕ್ ಒಬ್ಬಳು. ಟ್ಯೂರಿಂಗ್ ಜೊತೆ ಎನಿಗ್ಮಾ ಮೇಲೆ ಕೆಲಸ ಮಾಡ್ತಿದ್ದಳು. ಅವಳಿಗೆ ಬಡ್ತಿ ಕೊಡೋಣ ಅಂದ್ರೆ ಲಿಪಿ ಒಡೆಯೋ ಹೆಂಗಸಿಗೆ ಅಂತ ಮೇಲಿನ ಹುದ್ದೆಯೇ ಇರಲಿಲ್ಲ! ಕೊನೆಗೆ ಭಾಷಾತಜ್ಞೆ ಅಂತ ಬರೆದು ಸಂಬಳ ಏರಿಸಿದರು. ಇವಳಿಗೋ ಬೇರೆ ಯಾವ ಭಾಷೆಯೂ ಬರ್ತಿರಲಿಲ್ಲ. ಮುಂದೆ ಫಾರಂ ತುಂಬುವಾಗೆಲ್ಲ "ಹುದ್ದೆ: ಭಾಷಾತಜ್ಞೆ, ಗೊತ್ತಿರುವ ಭಾಷೆಗಳು: ಯಾವುದೂ ಇಲ್ಲ" ಅಂತ ಬರೆದು ಖುಷಿಪಡ್ತಿದ್ದಳಂತೆ :)

ಎಂಬತ್ತು ವರ್ಷ ಆಯ್ತು. ಕೆಲಸ ಮಾಡೋಳು ಇದಾಳೆ, ಕಾಗದದಲ್ಲಿ ಅವಳಿಗೆ ಜಾಗ ಇಲ್ಲ ಅನ್ನೋ ಕಥೆ ಮಾತ್ರ ಹಾಗೇ ಇದೆ.

ನೋಡಿ, ಐಎಸ್‌ಸಿ2 ಅನ್ನೋ ಸಂಸ್ಥೆ ಪ್ರಪಂಚದಲ್ಲಿ 48 ಲಕ್ಷ ಸೆಕ್ಯುರಿಟಿ ಜನರ ಕೊರತೆ ಇದೆ ಅಂತ 2024ರಲ್ಲಿ ಅಂದಾಜು ಮಾಡಿತು. ಎಲ್ಲ ಭಾಷಣಗಳಲ್ಲೂ ಈ ಸಂಖ್ಯೆ ಬರುತ್ತೆ. ಅದೇ ವರದಿಯ ಇನ್ನೊಂದು ಮಾತು ಬರಲ್ಲ. ಕೊರತೆಗೆ ಆ ವರ್ಷ ಕಂಪನಿಗಳವರು ಕೊಟ್ಟ ಮೊದಲ ಕಾರಣ ಜನ ಸಿಗ್ತಿಲ್ಲ ಅಂತಲ್ಲ, ಬಜೆಟ್ ಇಲ್ಲ ಅಂತ. ಸುಮಾರು ಮೂರನೇ ಒಂದು ಭಾಗ ತಂಡಗಳಲ್ಲಿ ಹೊಸಬರು ಒಬ್ಬರೂ ಇರಲಿಲ್ಲ. ಅಂದರೆ ಊಟಕ್ಕೆ ಬನ್ನಿ ಅಂತ ಊರಿಗೆಲ್ಲ ಡಂಗುರ ಹೊಡೆಸಿ ಎಲೆಯನ್ನೇ ಹಾಕಿಲ್ಲ. ಇದೇ ಐಎಸ್‌ಸಿ2 ಕೊಡೋ ಸಿಐಎಸ್ಎಸ್‌ಪಿ ಅನ್ನೋ ಸರ್ಟಿಫಿಕೇಟಿಗೆ ಐದು ವರ್ಷದ ಕೆಲಸದ ಅನುಭವ ಬೇಕು, ಡಿಗ್ರಿ ಇದ್ದರೆ ಒಂದು ವರ್ಷ ಮಾಫಿ. ಈಗ ಯಾವುದಾದರೂ ಜಾಬ್ ಸೈಟ್ ತೆಗೆದು ನೋಡಿ. 'ಫ್ರೆಶರ್ಸ್ ಅಪ್ಲೈ ಮಾಡಬಹುದು, ಸಿಐಎಸ್ಎಸ್‌ಪಿ ಇದ್ದರೆ ಆದ್ಯತೆ' ಅಂತ ಬರೆದಿರೋ ಮಹಾನುಭಾವರು ಸಿಗ್ತಾರೆ. ನರ್ಸರಿಗೆ ಸೇರೋಕೆ ಟಿಸಿ ಕೇಳಿದ ಹಾಗೆ.

ನಗಬೇಡಿ. ಹೋದ ವರ್ಷ ನಮ್ಮ ಕಂಪನಿಯಲ್ಲೇ ಇಂಥ ಜಾಹೀರಾತು ಹೋಯ್ತು. ಕಳಿಸೋ ಮುಂಚೆ ಒಂದು ಸಲ ನೋಡಿ ಅಂತ ನನಗೂ ಮೇಲ್ ಬಂದಿತ್ತು. 'ಮೂರರಿಂದ ಐದು ವರ್ಷ ಅನುಭವ' ಅನ್ನೋ ಸಾಲು ಓದಿದೆ. ಕಾಗುಣಿತ ಸರಿ ಇದೆ ಅಂತ ರಿಪ್ಲೈ ಮಾಡಿದೆ. ಆ ಸಾಲು ಯಾರನ್ನ ಹೊರಗೆ ನಿಲ್ಲಿಸುತ್ತೆ ಅಂತ ಒಂದು ಕ್ಷಣವೂ ಯೋಚನೆ ಬರಲಿಲ್ಲ. ಹಾಗಾಗಿ ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ನಮ್ಮ ರಾಜ್ಯ 2024ರ ಆಗಸ್ಟಿನಲ್ಲಿ ಸೈಬರ್ ಭದ್ರತಾ ನೀತಿ ಹೊರಡಿಸಿತು. ಸಿಸ್ಕೋ ಜೊತೆ ಒಪ್ಪಂದ ಆಯ್ತು. ನಲವತ್ತು ಸಾವಿರ ಜನಕ್ಕೆ ತರಬೇತಿ, ಅದರಲ್ಲಿ ಅರ್ಧ ಮಹಿಳೆಯರು. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ತರಬೇತಿ ಪಡೆದ ಆ ಇಪ್ಪತ್ತು ಸಾವಿರ ಹೆಣ್ಣುಮಕ್ಕಳ ಮೊದಲ ಸಂಬಳ ಎಲ್ಲಿಂದ ಬರುತ್ತೆ? ಸರ್ಟಿಫಿಕೇಟು ಗೋಡೆಗೆ ಹೊಡೆಯೋಕೆ ಮೊಳೆ ಸಿಗುತ್ತೆ, ಕೆಲಸ?

ಕಲಿಯೋಕೆ ಈಗ ದುಡ್ಡೇ ಬೇಡ. ಪೋರ್ಟ್‌ಸ್ವಿಗರ್‌ನವರ ಪಾಠಗಳು ಪುಕ್ಕಟೆ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಪಿಕೋ ಸಿಟಿಎಫ್' ಆಟ ಪುಕ್ಕಟೆ. ಕೇರಳದ ಅಮೃತಪುರಿಯಲ್ಲಿ ಹುಡುಗಿಯರದ್ದೇ 'ಟೀಮ್ ಶಕ್ತಿ' ಅಂತಿದೆ, ಸ್ಪರ್ಧೆಗಳನ್ನ ತಾವೇ ನಡೆಸ್ತಾರೆ. ಪುಟ್ಟಿ ಇದನ್ನೆಲ್ಲ ಹಾಸ್ಟೆಲಿನ ಹಾಳು ವೈಫೈಯಲ್ಲೇ ಕಲೀತಿದ್ದಾಳೆ. ಅವಳಿಗೆ ಬೇಕಾಗಿರೋದು ಪ್ರೋತ್ಸಾಹ ಅಲ್ಲ. ಆರು ತಿಂಗಳ ಸಂಬಳ ಸಹಿತ ಇಂಟರ್ನ್‌ಶಿಪ್ಪು. ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟೋಕೆ ಆಗೋಷ್ಟು. ಸಂಬಳ ಇಲ್ಲದ ಇಂಟರ್ನ್‌ಶಿಪ್ ಯಾರು ಮಾಡ್ತಾರೆ ಹೇಳಿ? ಜಯನಗರದಲ್ಲಿ ಅಪ್ಪನ ಮನೆ ಇರೋರು.

ರಾತ್ರಿ ಪಾಳಿ ಅಂತೀರಾ? ಹೌದು, ದಾಳಿ ಕಾಯೋ ಕೇಂದ್ರ ಇಪ್ಪತ್ನಾಲ್ಕು ಗಂಟೆ ನಡೀಬೇಕು. ಹುಡುಗಿಯರಿಗೆ ಕಷ್ಟ ಆಗುತ್ತೆ ಅಂತ ಇಂಟರ್‌ವ್ಯೂನಲ್ಲೇ ಕರುಣೆ ತೋರಿಸಿ ಕಳಿಸ್ತಾರೆ. ಮನೆ ಬಾಗಿಲಿಗೆ ಕ್ಯಾಬು, ಜೊತೆಗೊಬ್ಬ ಗಾರ್ಡು ಕೊಟ್ಟರೆ ಆಯ್ತಪ್ಪ. ನರ್ಸುಗಳು ರಾತ್ರಿ ಪಾಳಿ ಮಾಡ್ತಿಲ್ವಾ? ಅವರ ಬಗ್ಗೆ ಯಾಕೆ ಯಾರಿಗೂ ಕರುಣೆ ಇಲ್ಲ?

ಇನ್ನೊಂದು ವಿಷಯ. ಮೋಸದ ಕಾಲ್ ಈಗ ಕನ್ನಡದಲ್ಲೇ ಬರುತ್ತೆ. ದುಡ್ಡು ಹೋದಾಗ 1930ಕ್ಕೆ ಫೋನ್ ಮಾಡೋ ಅಜ್ಜಿಯೂ ಕನ್ನಡದಲ್ಲೇ ಅಳ್ತಾಳೆ. ಬ್ಯಾಂಕಿನ ಯಾವ ಮೆಸೇಜು ಮೊದಲು ಬಂತು, ಯಾವ ಲಿಂಕ್ ಒತ್ತಿದಿರಿ ಅಂತ ಅವಳನ್ನ ಸಮಾಧಾನವಾಗಿ ಕೇಳಿ ತಿಳ್ಕೊಳ್ಳೋದು ಸೆಕ್ಯುರಿಟಿಯ ಕೆಲಸವೇ. ಆ ಕೆಲಸಕ್ಕೆ ಇಂಗ್ಲಿಷ್ ಗ್ರೂಪ್ ಡಿಸ್ಕಷನ್ನಿನಲ್ಲಿ ಜೋರು ಮಾಡಿದವನು ಬೇಕಾ, ತಿಪಟೂರಿನ ಹುಡುಗಿ ಬೇಕಾ?

ಚಿಕ್ಕಪ್ಪನಿಗೆ ಫೋನ್ ಮಾಡಿದ್ದೆ. ಮೂರು ತಿಂಗಳಾದ ಮೇಲೆ ಮೊದಲ ಸಲ ಆ ವಿಷಯ ತೆಗೆದೆ. "ಚಿಕ್ಕಪ್ಪಾ, ಅವಳು ಕಳ್ಳತನ ಮಾಡಿಲ್ಲ. ತೋಟದ ಬೇಲಿ ಮುರಿದಿದೆ ಅಂತ ಮಾಲೀಕನಿಗೆ ಹೇಳಿದಾಳೆ, ನೀವೇ ಹೇಳಿ ಅದು ತಪ್ಪಾ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ನನ್ಯಾಕೆ ಕರೆಸಿದ್ರವ್ವಾ?" ಅಂದರು. ಉತ್ತರ ಹೊಳೆಯಲಿಲ್ಲ.

ನಮ್ಮ ಮ್ಯಾನೇಜರಿಗೆ ಒಂದು ಮೇಲ್ ಹಾಕಿದೀನಿ. ಮುಂದಿನ ಜಾಹೀರಾತಿನಲ್ಲಿ ಆ ಮೂರು ವರ್ಷದ ಸಾಲು ತೆಗೆಯೋಣ, ಇಬ್ಬರು ಇಂಟರ್ನ್‌ಗಳಿಗೆ ದುಡ್ಡು ತೆಗೆದಿಡೋಣ ಅಂತ. 'ನೋಡೋಣ' ಅಂತ ಬಂದಿದೆ. ಈ 'ನೋಡೋಣ'ದ ಅರ್ಥ ಐಟಿಯಲ್ಲಿರೋ ಎಲ್ಲರಿಗೂ ಗೊತ್ತು. ಸೋಮವಾರ ಮತ್ತೆ ಕೇಳ್ತೀನಿ, ಅದರ ಮುಂದಿನ ಸೋಮವಾರವೂ.

ಪುಟ್ಟಿಗೆ ಹೂಗುಚ್ಛದ ಕೆಲಸ ಬಿಡು ಅಂದೆ. ಬಿಡಲ್ಲವಂತೆ. "ಅಕ್ಕಾ, ಕೊಡ್ತೀನಿ. ಕೊಟ್ಟಮೇಲೆ ಪ್ರಶ್ನೋತ್ತರ ಇದ್ಯಲ್ಲ, ಆಗ ಕೈ ಎತ್ತುತೀನಿ" ಅಂತ ಈಗ ತಾನೇ ಮೆಸೇಜ್ ಬಂತು. ಪ್ರಶ್ನೆ ಏನು ಅಂತ ಕೇಳಿದೆ. ಇನ್ನೂ ಟೈಪ್ ಮಾಡ್ತಾನೇ ಇದಾಳೆ...